ಉಸಿರಾಡುವ ಬೀರು

ನಮ್ಮ ಊರಿಗೆ ಹೆಣ್ಣು ಕೊಡಲು ಬರುವವರಿಗೆ ಗಂಡಿನ ಮನೆಯವರು ಕಾಫಿ ಕೊಡುವುದಕ್ಕೂ ಮೊದಲು ಬೀರು ತೆಗೆದು ತೋರಿಸುತ್ತಾರೆ. ನನ್ನ ಮದುವೆಯ ಮಾತುಕತೆಗೆ ಬಂದಾಗ ನಮ್ಮಪ್ಪನಿಗೆ ಇದರ ತಲೆಬುಡ ಗೊತ್ತಿರಲಿಲ್ಲ. ನನ್ನ ಅತ್ತೆಯಾಗಲಿದ್ದ ದೇವೀರಮ್ಮ ಸೊಂಟದಿಂದ ಬೀಗದ ಕೈ ತೆಗೆದು ಬೀರುವಿನ ಎರಡು ಬಾಗಿಲನ್ನೂ ಅಗಲಿಸಿದಾಗ, ಒಡವೆ ತೋರಿಸುತ್ತಾರೇನೋ ಎಂದು ಅಪ್ಪ ಕತ್ತು ಮುಂದೆ ಚಾಚಿದರಂತೆ. ಒಳಗೆ ಕಂಡದ್ದು ನೂಲಿನ ಸೀರೆಗಳ ನಡುವೆ ನಿಂತಿದ್ದ ಟೀವಿ, ಪಂಚೆಯ ಮಡಿಕೆಯೊಳಗೆ ರೇಡಿಯೋ, ಮಾವನವರ ಹಳೆಯ ಕೋಟಿನ ಎರಡು ಜೇಬಿನಲ್ಲಿ ಎರಡು ಫೋನು. ಊರಿಗೆ ವಾಪಸು ಬಂದ ಅಪ್ಪ ಅಮ್ಮನ ಹತ್ತಿರ, "ಮನೆತನ ಒಳ್ಳೇದೇ. ಆದರೆ ಸಾಮಾನಿಗೆಲ್ಲ ಬಟ್ಟೆ ಉಡಿಸಿ ಮಲಗಿಸ್ತಾರೆ" ಅಂದರು.

ನಮ್ಮಲ್ಲಿ ವರ್ಷಕ್ಕೊಂದು ಸಲ, ಬೇಸಿಗೆ ಮುಗಿಯುವ ಹೊತ್ತಿಗೆ, ನೀಲಿ ಬೀಳುತ್ತದೆ. ಬಿಳಿ ಬಟ್ಟೆಗೆ ಹಾಕುವ ನೀಲಿಯಷ್ಟೇ ನಯವಾದ ಪುಡಿ. ಹೆಂಚು, ತಗಡು, ತಾರಸಿ ಯಾವುದನ್ನೂ ಲೆಕ್ಕಿಸದೆ ಮನೆಯೊಳಗೂ ಬೀಳುತ್ತದೆ. ಅನ್ನದ ಮೇಲೆ ಬಿದ್ದರೆ ಊದಿ ಉಣ್ಣುತ್ತೇವೆ, ಮಕ್ಕಳ ತಲೆ ಮೇಲೆ ಬಿದ್ದರೆ ಕೊಡವುತ್ತೇವೆ. ಯಾರಿಗೂ ಕೆಮ್ಮು ಬಂದದ್ದಿಲ್ಲ, ಯಾವ ಹಸುವೂ ಹಾಲು ಕಡಿಮೆ ಮಾಡಿದ್ದಿಲ್ಲ. ಆದರೆ ಒಳಗೆ ಸರ್ಕ್ಯೂಟಿನ ಹಸಿರು ಹಲಗೆ ಕೂತಿರುವ ಯಾವ ವಸ್ತುವಿಗಾದರೂ ನೀಲಿ ಸೋಕಿತೋ, ಅದರ ಕಥೆ ಅಲ್ಲಿಗೆ ಮುಗಿಯಿತು. ಟೀವಿ, ರೇಡಿಯೋ, ಫೋನು, ಬಟ್ಟೆ ಒಗೆಯುವ ಮೆಷಿನ್ನು, ಹೊಸ ಬಸ್ಸು, ಯಾವುದೂ ಉಳಿಯುವುದಿಲ್ಲ. ಯಾವ ರಿಪೇರಿಯವನೂ ಮತ್ತೆ ಅದರ ಬಾಯಿ ಬಿಡಿಸಲಾರ. ಬಲ್ಬು, ಫ್ಯಾನು, ಮೋಟಾರಿನ ತಂಟೆಗೆ ಅದು ಹೋಗುವುದಿಲ್ಲ. ನೀಲಿ ದಾಟಲಾರದ್ದು ಒಂದೇ: ಮನುಷ್ಯರು ಉಟ್ಟು, ಒಗೆದು, ಉಟ್ಟು, ಒಗೆದು ಮೆತ್ತಗಾದ ಹತ್ತಿಯ ಬಟ್ಟೆ. ಅದಕ್ಕೇ ಬೀರು.

ಹೊರಗಿನವರು ಇದನ್ನು ಕೇಳಿ ಮುಖ ಸೊಟ್ಟ ಮಾಡುತ್ತಾರೆ. ನಾನೂ ಮಾಡಿದವಳೇ. ಮದುವೆಯಾಗಿ ಬಂದ ವರ್ಷ, ನೀರಿನ ಟ್ಯಾಂಕಿನ ಹತ್ತಿರ ತಮಟೆ ಬಡಿದ ಕೂಡಲೇ ಊರಿಗೆ ಊರೇ ಟೀವಿ ಎತ್ತಿಕೊಂಡು ಒಳಗೆ ಓಡಿದ್ದನ್ನು ಕಂಡು ಬಿದ್ದು ಬಿದ್ದು ನಕ್ಕಿದ್ದೆ. ಅತ್ತೆ ನಗಲಿಲ್ಲ. ನನ್ನನ್ನು ಬೀರುವಿನ ಮುಂದೆ ಕೂರಿಸಿ ಕೆಲಸ ಕಲಿಸಿದರು. ಬಿಸಿಯಾಗಿರುವ ಯಾವ ಸಾಮಾನನ್ನೂ ಒಳಗಿಡಬಾರದು. ಆರಿ, ಮೈ ತಣ್ಣಗಾಗಬೇಕು. ರಿಮೋಟು, ರೇಡಿಯೋಗಳ ಸೆಲ್ಲು ತೆಗೆದು ಬೇರೆ ಡಬ್ಬಿಯಲ್ಲಿಡಬೇಕು, ಇಲ್ಲವಾದರೆ ಒಸರಿ ತುಕ್ಕು ಹಿಡಿಯುತ್ತದೆ. ವೈರನ್ನು ಸಾಮಾನಿಗೇ ಬಿಗಿದು ಸುತ್ತಿದರೆ ಕುತ್ತಿಗೆ ಮುರಿಯುತ್ತದೆ, ಸಡಿಲವಾಗಿ ಸುತ್ತಿ ಬಟ್ಟೆಯ ದಾರದಿಂದ ಕಟ್ಟಬೇಕು. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಟೀವಿಯನ್ನು ಮಲಗಿಸಬಾರದು, ನಿಲ್ಲಿಸಬೇಕು, ಅದರ ಮುಖ ಗೋಡೆಗೆ ತಾಗಬಾರದು. ಮೂಲೆಯಲ್ಲಿ ಅಕ್ಕಿಯ ಗಂಟು, ತೇವ ಎಳೆದುಕೊಳ್ಳಲಿ ಅಂತ. ನುಸಿಗುಳಿಗೆ ಮಾತ್ರ ಬೇಡವೇ ಬೇಡ. ಅತ್ತೆ ಜೋಡಿಸಿದ ಬೀರುವನ್ನು ನೋಡಿದರೆ ಯಾರೋ ಚಿತ್ರ ಬರೆದ ಹಾಗಿರುತ್ತಿತ್ತು. ಯಾವ ಸೀರೆ ಎಳೆದರೆ ಯಾವ ಸಾಮಾನು ಕಾಣುತ್ತದೆ ಎಂದು ಅವರು ಕಣ್ಣು ಮುಚ್ಚಿಕೊಂಡು ಹೇಳಬಲ್ಲವರಾಗಿದ್ದರು. ಬೀದಿಯ ಹೆಂಗಸರು ತಮ್ಮ ಬೀರು ಜೋಡಿಸಿದ ಮೇಲೆ ಒಂದು ಸಲ ದೇವೀರಮ್ಮನವರನ್ನು ಕರೆದು ತೋರಿಸುತ್ತಿದ್ದರು. ಅವರು ತಲೆ ಆಡಿಸಿದರೆ ಆ ವರ್ಷದ ಮಟ್ಟಿಗೆ ನಿಶ್ಚಿಂತೆ.

ಎಲ್ಲಕ್ಕಿಂತ ಮೇಲೆ ಅವರದೊಂದು ಕಟ್ಟುನಿಟ್ಟಿತ್ತು. ಬೀರುವಿನೊಳಗೆ ಸಾಮಾನು ಮಲಗಬೇಕೇ ಹೊರತು ಎಚ್ಚರ ಇರಬಾರದು. ಅವರ ಸ್ವಂತ ತಂಗಿಯ ಮನೆಯಲ್ಲಿ ಯಾರೋ ನೀಲಿಯ ಕಾಲದಲ್ಲಿ ಬೀರುವಿನೊಳಗೇ ಫೋನು ಚಾರ್ಜಿಗೆ ಹಾಕಿ ಬಾಗಿಲು ಮುಚ್ಚಿದ್ದರಂತೆ. ಬಟ್ಟೆಯ ನಡುವೆ ಅದು ಕಾದು ಹೊತ್ತಿಕೊಂಡು, ಬೀರುವಿನ ಜೊತೆ ಆ ಕೋಣೆಯೂ ಹೋಯಿತು. ತಂಗಿಯ ಕೈ ಮೇಲೆ ಇವತ್ತಿಗೂ ಆ ಸುಟ್ಟ ಗುರುತಿದೆ. ಆ ಮಾತು ಬಂದಾಗಲೆಲ್ಲ ಅತ್ತೆಯ ದನಿ ಗಟ್ಟಿಯಾಗುತ್ತಿತ್ತು.

ನಮ್ಮದು ಹಿಟ್ಟಿನ ಗಿರಣಿ. ನನ್ನ ಯಜಮಾನರು ಗುರುಸಿದ್ಧ ಕಾಳು ತರಲು ಸಂತೆಗಳಿಗೆ ಓಡಾಡಿಕೊಂಡಿದ್ದರೆ, ಗಿರಣಿ ನಡೆಸುವುದು ನಾನು. ಪಕ್ಕದ ಮನೆ ಫಿಲೋಮಿನಾ ಟೀಚರದ್ದು. ನಮ್ಮ ಬೀದಿಯಲ್ಲಿ ಕೂಡಿಸಿ ಕಳೆಯಲು ಬರುವ ಪ್ರತಿಯೊಬ್ಬರಿಗೂ ಅದನ್ನು ಕಲಿಸಿದವರು ಅವರು. ಮದುವೆಯಾಗಲಿಲ್ಲ, ನಿವೃತ್ತಿಯಾದ ಮೇಲೂ ಕೆಂಪು ಶಾಯಿಯ ಪೆನ್ನು ಬಿಡಲಿಲ್ಲ. ನಾನು ಬರೆದು ಅಂಟಿಸಿದ್ದ ಗಿರಣಿಯ ಬೋರ್ಡಿನಲ್ಲಿ 'ರಾಗಿ'ಯ 'ಗಿ' ದೀರ್ಘವಾಗಿದ್ದನ್ನು ತಿದ್ದಿ ಹೋಗಿದ್ದವರು ಅವರೇ. ಆ ವರ್ಷ ಅವರ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯಿಂದ ಬರುವಾಗ ಜೊತೆಗೊಂದು ಯಂತ್ರ ಬಂತು. ಕೋಣೆಯ ಗಾಳಿ ಎಳೆದುಕೊಂಡು, ಅದರಲ್ಲಿನ ಪ್ರಾಣವಾಯುವನ್ನು ಬೇರೆ ಮಾಡಿ, ಸಣ್ಣ ಕೊಳವೆಯಲ್ಲಿ ಮೂಗಿಗೆ ಕಳಿಸುವ ಯಂತ್ರ. ಅದು ನಿಂತರೆ ಟೀಚರ ತುಟಿ ನೇರಳೆಯಾಗುತ್ತಿತ್ತು. ಅದರೊಳಗೂ ಹಸಿರು ಹಲಗೆ ಇತ್ತು. ಅದಕ್ಕೇ ನೀಲಿಗೆ ಮುಂಚೆ ಅವರು ಗುಡ್ಡದಾಚೆಯ, ನೀಲಿ ಬೀಳದ ಊರಿನಲ್ಲಿರುವ ತಮ್ಮನ ಮನೆಗೆ ಹೋಗುವುದೆಂದು ಎಲ್ಲ ಗೊತ್ತಾಗಿತ್ತು.

ಆದರೆ ಆ ಸಲ ನೀಲಿ ತನ್ನ ಕಾಲಕ್ಕಿಂತ ಎಷ್ಟೋ ಮೊದಲೇ ಬಂತು. ಮಾವಿನಕಾಯಿ ಇನ್ನೂ ಹಣ್ಣಾಗಿರಲಿಲ್ಲ. ಬೆಳ್ಳಂಬೆಳಗ್ಗೆ ತಮಟೆ ಕೇಳಿದಾಗ ನಾನು ಯಾರದೋ ಮೆರವಣಿಗೆ ಎಂದುಕೊಂಡೆ. ಅತ್ತೆ ಅಷ್ಟರಲ್ಲಾಗಲೇ ಸೆರಗು ಬಿಗಿದು ಟೀವಿಯ ವೈರು ಕೀಳುತ್ತಿದ್ದರು. ನಮ್ಮದು ಮುಗಿಸಿ ಟೀಚರ ಮನೆಗೆ ಓಡಿದೆವು. ಯಂತ್ರವನ್ನು ಆರಿಸಿ, ಹಳೆಯ ಕೌದಿಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟದ್ದು, ನಾಷ್ಟಾದ ಹೊತ್ತಿಗೆ ನೀಲಿ ಶುರುವಾದದ್ದು, ಎರಡೂ ಒಂದರ ಹಿಂದೊಂದು ಆಯಿತು. ಬಸ್ಸುಗಳು ಶೆಡ್ಡು ಸೇರಿ ಹೊದಿಕೆ ಹೊದ್ದವು. ಎತ್ತಿನ ಗಾಡಿಯಲ್ಲಿ ಗುಡ್ಡ ದಾಟಲು ಒಂದು ಹಗಲು ಸಾಲದು. ಸಂತೆಗೆ ಹೋಗಿದ್ದ ನನ್ನ ಗಂಡ ಆಚೆಯೇ ಉಳಿದರು. ಆರೋಗ್ಯ ಕೇಂದ್ರದ ನರ್ಸಮ್ಮ ಕೈಗಾಡಿಯಲ್ಲಿ ಒಂದು ಸಿಲಿಂಡರು ತಳ್ಳಿಸಿಕೊಂಡು ಬಂದು ಟೀಚರ ಮೂಗಿಗೆ ಕೊಳವೆ ಸಿಕ್ಕಿಸಿದರು. ಅಂಗಳಕ್ಕೆ ನನ್ನನ್ನು ಕರೆದು, "ದೀಪ ಹಚ್ಚೋ ಹೊತ್ತಿನ ತನಕ ಬರಬಹುದು. ಇನ್ನೊಂದು ಇರೋದನ್ನ ಕೇಂದ್ರದಲ್ಲೇ ಇಬ್ಬರಿಗೆ ಹಾಕಿದೀವಿ. ಇದಾದ ಮೇಲೆ ನನ್ನ ಹತ್ತಿರ ಏನೂ ಇಲ್ಲ ರೇವತಿ" ಅಂದರು. ಅವರ ಕಣ್ಣು ಕೆಂಪಾಗಿತ್ತು. ಅವರೂ ಟೀಚರ ಶಿಷ್ಯೆಯೇ.

ನೀಲಿ ಒಮ್ಮೆ ಶುರುವಾದರೆ ವಾರ ಹಿಡಿಯುತ್ತದೆ, ಕೆಲವು ಸಲ ಇನ್ನೂ ಹೆಚ್ಚು.

ಒಳಗೆ ಬಂದು ಕೂತೆ. ಟೀಚರು ದಿಂಬಿಗೆ ಒರಗಿ, ಹೊದಿಕೆಯ ಮೇಲೆ ಬೀಳುತ್ತಿದ್ದ ನೀಲಿಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ?" ಅಂದರು. "ನನಗೇನೂ ಹೆದರಿಕೆ ಇಲ್ಲ. ನೀನು ಹೋಗು, ಗಿರಣಿ ನೋಡ್ಕೋ."

ಗಿರಣಿಗೆ ಹೋದೆ. ಹೋಗಿ ಏನು ಮಾಡಬೇಕೆಂದು ತೋಚದೆ, ಸರದಿಯಲ್ಲಿದ್ದ ಯಾರದೋ ಜೋಳ ಸುರಿದು ಮೋಟಾರು ಹಾಕಿದೆ. ಹಿಟ್ಟು ಬೀಳುವ ಬಾಯಿಗೆ ನಮ್ಮಲ್ಲಿ ಉದ್ದನೆಯ ಬಟ್ಟೆಯ ತೋಳೊಂದನ್ನು ಕಟ್ಟಿರುತ್ತೇವೆ. ಗಿರಣಿ ಓಡುತ್ತಿದ್ದಂತೆ ಒಳಗಿನ ಗಾಳಿಗೆ ಆ ತೋಳು ಆನೆಯ ಸೊಂಡಿಲಿನ ಹಾಗೆ ಉಬ್ಬುತ್ತದೆ. ಗಾಳಿ ಬಟ್ಟೆಯ ಕಣ್ಣುಗಳಿಂದ ಆಚೆ ಹೋಗುತ್ತದೆ, ಹಿಟ್ಟು ಒಳಗೇ ಉಳಿಯುತ್ತದೆ. ದಿನಾ ನೋಡುವ ಸೊಂಡಿಲು. ಅವತ್ತು ಅದು ಉಬ್ಬಿದ್ದನ್ನು ನೋಡುತ್ತ ನಿಂತವಳು ಮೋಟಾರು ಆರಿಸುವುದನ್ನೂ ಮರೆತು ಮನೆಗೆ ಓಡಿದೆ. ಆ ಜೋಳದ ಯಜಮಾನರು ಹಿಂದಿನಿಂದ ಕೂಗುತ್ತಲೇ ಇದ್ದರು.

"ಅತ್ತೆ, ಟೀಚರ ಯಂತ್ರವನ್ನ ಬೀರು ಒಳಗಿಟ್ಟೇ ಓಡಿಸೋಣ" ಅಂದೆ.

ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದವರು ಕೈ ನಿಲ್ಲಿಸಿದರು. "ಏನಂದೆ?"

"ಕೊಳವೆ ಮಾತ್ರ ಹೊರಗೆ ತರೋದು. ಯಂತ್ರ ಒಳಗೇ ಇರ್ಲಿ."

"ಬೀರು ಒಳಗೆ ಗಾಳಿ ಎಲ್ಲಿದೆ? ಅದು ಕಾದು ಕೂರುತ್ತೆ. ನನ್ನ ತಂಗಿ ಸಣ್ಣಮ್ಮನ ಕೈ ನೀನು ನೋಡಿಲ್ವ? ಟೀಚರಮ್ಮನ್ನ ಉಳಿಸೋಕೆ ಹೋಗಿ ಸುಟ್ಟು ಹಾಕ್ತೀಯ?"

ನಾನು ಸೊಂಡಿಲಿನ ಮಾತು ಹೇಳಿದೆ. ಬೀರುವಿಗೆ ಎರಡು ತೂತು ಕೊರೆಯುವುದು. ಕೆಳಗಿನ ತೂತಿಗೆ ಹೊರಗಿನಿಂದ ಟೇಬಲ್ ಫ್ಯಾನಿನ ಗಾಳಿ ಹೊಡೆಸುವುದು. ಆ ಗಾಳಿ ಒಳಗೆ ಬಟ್ಟೆಯ ದಾರಿಯಾಗಿಯೇ ಬರಬೇಕು, ನೀಲಿ ಬಟ್ಟೆಯಲ್ಲೇ ಉಳಿಯಬೇಕು. ಕಾದ ಗಾಳಿ ಮೇಲಿನ ತೂತಿನಿಂದ ಇನ್ನೊಂದು ಬಟ್ಟೆಯ ದಾರಿಯಾಗಿ ಹೊರಗೆ ಹೋಗಬೇಕು. ಅತ್ತೆಯ ಮಾತಿಗೆ ಎದುರಾಡಿದ್ದು ಅದೇ ಮೊದಲು.

ಅತ್ತೆ ಮೊರ ಗೋಡೆಗೆ ಒರಗಿಸಿ ಎದ್ದರು. "ನಾನು ಹೇಳಿದ್ದೆಲ್ಲ ಕೇಳ್ತೀಯ?"

"ಕೇಳ್ತೀನಿ."

"ಓಡೋ ಯಂತ್ರ ಇರೋ ಬೀರುವಿನಲ್ಲಿ ಒಂದು ಕರ್ಚೀಫೂ ಇರಬಾರದು. ಬಟ್ಟೆಯೆಲ್ಲ ಹೊರಗಿನಿಂದ ಹೊದಿಸಬೇಕು. ಯಂತ್ರದ ಕೆಳಗೆ ಹಲಗೆ ಬೇಡ, ಕಡಪಾ ಕಲ್ಲು ಹಾಸಬೇಕು. ನೀನು ಕಟ್ಟೋ ಆ ಸೊಂಡಿಲು ಯಂತ್ರಕ್ಕೆ ಮೊಳ ದೂರ ಇರಬೇಕು. ವೈರು ದಪ್ಪಂದು, ಸುತ್ತಬಾರದು, ನೆಟ್ಟಗೆ ಎಳೀಬೇಕು. ಪಕ್ಕದಲ್ಲಿ ಮರಳು ತುಂಬಿದ ಬಕೆಟ್ಟು. ಮತ್ತೆ ಬೀರು ಮುಂದೆ ಯಾವಾಗಲೂ ಯಾರಾದರೂ ಒಬ್ಬರು ಕೂತು ಬಾಗಿಲ ಮೇಲೆ ಕೈಯಿಟ್ಟು ನೋಡ್ತಾ ಇರಬೇಕು. ಕೈಗೆ ಬಿಸಿ ತಾಗಿತೋ, ಆರಿಸಬೇಕು. ಆಗ ಟೀಚರಮ್ಮ, ಗೀಚರಮ್ಮ ಅನ್ನಬಾರದು."

"ಆಯ್ತು."

"ನಡಿ ಹಾಗಾದರೆ. ಕಾಸಿಂ ಸಾಬ್ರನ್ನ ಕರಿ."

ಕಾಸಿಂ ಸಾಬ್ರು ನಮ್ಮ ಊರಿನ ಬಡಗಿ. ಬೈರಿಗೆ, ಗರಗಸ ಹಿಡಿದು ಬಂದವರು ಟೀಚರ ಬೀರುವನ್ನು ಕಂಡು ಹಾಗೇ ನಿಂತುಬಿಟ್ಟರು. ಅದು ಬೀಟೆ ಮರದ್ದು, ಅವರ ತಂದೆ ಮಾಡಿದ್ದು. ಬಾಗಿಲ ಅಂಚಿನ ಬಳ್ಳಿಯ ಕೆತ್ತನೆಯ ಮೇಲೆ ಬೆರಳಾಡಿಸಿ, "ನಮ್ಮ ಅಬ್ಬಾ ಇದಕ್ಕೆ ಒಂದೇ ಒಂದು ಮೊಳೆ ಹೊಡೆದಿಲ್ಲ ತಾಯಿ. ಇದಕ್ಕೆ ತೂತು ಹೊಡೀ ಅಂತೀರಲ್ಲ" ಅಂದರು.

ಮಂಚದ ಮೇಲಿನಿಂದ ಟೀಚರು ಕೂಗಿದರು, "ಕಾಸಿಂ, ನಿನ್ನ ತಂದೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೊರೆದು ಮುಗಿಸಿರ್ತಿದ್ದರು."

ಸಾಬ್ರು ತಲೆ ತಗ್ಗಿಸಿ ನಕ್ಕರು. ಕೆತ್ತನೆಗೆ ಒಂದಿಷ್ಟೂ ತಾಗದ ಹಾಗೆ ಪಕ್ಕದ ಹಲಗೆಯಲ್ಲಿ ಕೆಳಗೊಂದು, ಮೇಲೊಂದು ತೂತು ಎಷ್ಟು ದುಂಡಗೆ ಕೊರೆದರೆಂದರೆ ಚಂದ್ರನನ್ನು ತಂದು ಕೂರಿಸಬಹುದಾಗಿತ್ತು.

ಬಟ್ಟೆಯ ಸುದ್ದಿ ಬೀದಿಗೆ ಹೇಗೆ ಹೋಯಿತೋ ಕಾಣೆ. ಹೆಂಗಸರು ಒಬ್ಬೊಬ್ಬರಾಗಿ ಬಂದರು, ಕಂಕುಳಲ್ಲಿ ಹಳೆಯ ಸೀರೆ, ಪಂಚೆ, ದುಪಟ್ಟಾ. ಅತ್ತೆ ಒಂದೊಂದನ್ನೂ ಕೆನ್ನೆಗೆ ಒತ್ತಿಕೊಂಡು ನೋಡಿದರು. "ಇದು ಇನ್ನೂ ಎಳೇದು, ವಾಪಸು ಒಯ್ಯಿ. ಇದು ಆಗುತ್ತೆ. ಇದು ನಿನ್ನ ಬಾಣಂತನದ್ದಲ್ವ? ಕೊಡು, ಇದಕ್ಕಿಂತ ಒಳ್ಳೇದು ಬೇರೆ ಇಲ್ಲ." ನಾನು ಹೊಲಿಗೆ ಮೆಷಿನ್ನು ತುಳಿಯುತ್ತ ಕೂತೆ.

ಮೊದಲು ಮಾಡಿದ್ದು ಸೊಂಡಿಲಲ್ಲ. ಬೀರುವಿಗೆ ಹೊರಗಿನಿಂದ ಕೌದಿ ಹೊದಿಸಿ, ಅವಸರಕ್ಕೆ ತೂತಿನ ಮೇಲೇ ಬಟ್ಟೆ ಬಿಗಿದೆ, ಕಿಟಕಿಗೆ ಜಾಲರಿ ಹೊಡೆದ ಹಾಗೆ. ನೀಲಿ ತಡೆಯುವುದೋ ಇಲ್ಲವೋ ಪರೀಕ್ಷೆ ಆಗಬೇಕಿತ್ತು. ಯಂತ್ರವನ್ನೇ ಇಟ್ಟು ಪರೀಕ್ಷೆ ಮಾಡುವ ಹಾಗಿಲ್ಲ, ಅದು ಹೋದರೆ ಎಲ್ಲ ಹೋದಂತೆ. ಒಂದು ರೇಡಿಯೋ ಇಟ್ಟು ನೋಡಬೇಕು ಅಂದೆ. ಯಾರ ರೇಡಿಯೋ ಎಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಅತ್ತೆ ಮನೆಗೆ ಹೋಗಿ, ತಮ್ಮ ರೇಡಿಯೋವನ್ನು ಪಂಚೆಯ ಮಡಿಕೆ ಸಮೇತ ತಂದರು. ಬೆಳಗಿನ ಕಾಫಿಯ ಜೊತೆ ಅದು ಹಾಡದಿದ್ದರೆ ಅವರಿಗೆ ದಿನವೇ ಶುರುವಾಗುತ್ತಿರಲಿಲ್ಲ.

"ಅತ್ತೆ, ನಿಮ್ಮದು ಬೇಡ" ಅಂದೆ.

"ನನ್ನದು ಕೊಡದೆ ಬೇರೆಯವರದ್ದು ಕೇಳೋಕೆ ಮುಖ ಬೇಕಲ್ಲ. ಇಡು."

ಎರಡು ಪದರ ಬಟ್ಟೆಯ ಹಿಂದೆ ರೇಡಿಯೋ ಹಾಡುತ್ತಿತ್ತು. ಫ್ಯಾನು ಹಾಕಿದೆವು. ಸ್ವಲ್ಪ ಹೊತ್ತು ಹಾಡಿತು. ಸಾಲಿನ ನಡುವೆಯೇ ಗಂಟಲು ಕಟ್ಟಿದ ಹಾಗಾಗಿ ನಿಂತುಹೋಯಿತು. ಬಾಗಿಲು ತೆಗೆದರೆ ಅದರ ಮೇಲೆ ತೆಳ್ಳಗೆ ನೀಲಿ. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ಕಿಟಕಿಯ ಮೇಲಿಟ್ಟರು.

ಪದರ ಹೆಚ್ಚಿಸಿದೆ. ಈಗ ಎದುರುಮನೆಯ ಹೂವಮ್ಮ ತಮ್ಮ ರೇಡಿಯೋ ತಂದುಕೊಟ್ಟರು. ಅದು ನಿಲ್ಲಲಿಲ್ಲ, ಸರಿಯೇ. ಆದರೆ ಬಟ್ಟೆ ದಪ್ಪವಾಗಿ ಗಾಳಿಯೇ ಒಳಗೆ ಹೋಗುತ್ತಿರಲಿಲ್ಲ. ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ತೆಗೆದು, ಒಳಗೆ ಊದುಕಡ್ಡಿ ಹಚ್ಚಿಟ್ಟು, ಬಾಗಿಲ ಸಂದಿಗೆ ಸಾಬ್ರ ಹಳೆಯ ಗಾಜಿನ ತುಂಡು ಹಿಡಿದು ನೋಡಿದರೆ ಹೊಗೆ ನಿಂತಲ್ಲೇ ನಿಂತಿತ್ತು. ಯಂತ್ರ ಇಟ್ಟರೆ ತನ್ನ ಉಸಿರನ್ನೇ ತಾನು ಕುಡಿದು ಕಾದು ಕೂರುತ್ತಿತ್ತು. ನರ್ಸಮ್ಮ ಸಿಲಿಂಡರಿನ ಮುಳ್ಳು ನೋಡಿ ನನ್ನ ಕಡೆ ನೋಡಿದರು. ಬಿಸಿಲು ಇಳಿಯುತ್ತಿತ್ತು. ತೆಳ್ಳಗಾದರೆ ನೀಲಿ ಬರುತ್ತದೆ, ದಪ್ಪವಾದರೆ ಗಾಳಿ ಬರುವುದಿಲ್ಲ. ನನಗೆ ಅಳು ಬಂತು. ಅಷ್ಟು ಹೆಂಗಸರ ಎದುರಿಗೇ ಅತ್ತುಬಿಟ್ಟೆ.

"ಅಳೋದು ನಾಳೆ ಅಳು" ಅಂದರು ಅತ್ತೆ. "ಬೆಳಗ್ಗೆ ನನಗೆ ಸೊಂಡಿಲು ಅಂದೆಯಲ್ಲ, ಇದು ಸೊಂಡಿಲೇನೆ? ಇದು ತಟ್ಟೆ. ಗಿರಣಿಯಲ್ಲಿ ಅಷ್ಟುದ್ದ ತೋಳು ಯಾಕೆ ಕಟ್ತಾರೆ?"

ಹೌದಲ್ಲ! ಅಂಗೈಯಗಲದ ಬಟ್ಟೆಯಲ್ಲಿ ನುಗ್ಗಲಾರದ ಗಾಳಿ ಮಾರುದ್ದದ ಬಟ್ಟೆಯಲ್ಲಿ ಹರಡಿಕೊಂಡು ನಿಧಾನವಾಗಿ ನುಗ್ಗುತ್ತದೆ. ಪದರ ಅಷ್ಟೇ ಇರಲಿ, ಬಟ್ಟೆ ದೊಡ್ಡದಾಗಲಿ. ನಾನು ಮತ್ತೆ ಮೆಷಿನ್ನಿಗೆ ಕೂತೆ. ಹೂವಮ್ಮನ ಸೀರೆಗೆ ನರ್ಸಮ್ಮನ ದುಪಟ್ಟಾ, ಅದಕ್ಕೆ ಸಾಬ್ರ ಮನೆಯ ಲುಂಗಿ, ಅದಕ್ಕೆ ನಮ್ಮ ಮಾವನ ಪಂಚೆ. ಒಬ್ಬರು ಕತ್ತರಿಸಿದರು, ಒಬ್ಬರು ಹಿಡಿದರು, ನಾನು ಹೊಲಿದೆ. ಎರಡು ತೋಳು ತಯಾರಾದವು, ಒಂದು ತುದಿ ಹೊಲಿದು ಮುಚ್ಚಿದ್ದು. ಒಂದನ್ನು ಕೆಳಗಿನ ತೂತಿನಿಂದ ಬೀರುವಿನ ಒಳಕ್ಕೆ ಇಳಿಬಿಟ್ಟೆವು, ಇನ್ನೊಂದನ್ನು ಮೇಲಿನ ತೂತಿನಿಂದ ಹೊರಕ್ಕೆ. ಸಾಬ್ರು ಬಾಯಿಗೆ ಬಿದಿರಿನ ಬಳೆ ಕೂರಿಸಿ ಬಿಗಿದರು. ಬೀರುವಿಗೆ ಸುತ್ತಲೂ ಮತ್ತೆ ಕೌದಿಗಳ ಮೇಲೆ ಕೌದಿ. ಒಳಗೆ ಕಡಪಾ ಕಲ್ಲಿನ ಮೇಲೆ ಹೂವಮ್ಮನ ರೇಡಿಯೋ.

ಫ್ಯಾನು ಹಾಕಿದಾಗ ಮೊದಲು ಏನೂ ಆಗಲಿಲ್ಲ. ಆಮೇಲೆ ಹೊರಗೆ ತೂಗುಬಿದ್ದಿದ್ದ ತೋಳು ಮೆಲ್ಲಗೆ ಅಲ್ಲಾಡಿತು, ತುದಿಯವರೆಗೂ ಉಬ್ಬಿ ನಿಂತಿತು. ಅದರಲ್ಲಿದ್ದ ಹೂವಿನ ಸೀರೆಯ ಹೂವು, ಲುಂಗಿಯ ಚೌಕುಳಿ ಎಲ್ಲ ಬಿಡಿಬಿಡಿಯಾಗಿ ಕಂಡವು. ಒಳಗೆ ರೇಡಿಯೋದಲ್ಲಿ ಪೇಟೆ ಧಾರಣೆ ಬರುತ್ತಿತ್ತು. ಹೀರೇಕಾಯಿ, ಬದನೆಕಾಯಿ, ಒಣಮೆಣಸಿನಕಾಯಿ. ಆ ಕೋಣೆಯಲ್ಲಿ ಅಷ್ಟು ಜನ ಉಸಿರು ಬಿಗಿಹಿಡಿದು ಒಣಮೆಣಸಿನಕಾಯಿಯ ಧಾರಣೆ ಕೇಳಿದರು. ಅದು ನಿಲ್ಲಲಿಲ್ಲ. ಧಾರಣೆ ಮುಗಿದು ಹವಾಮಾನ ಬಂತು. ಅದೂ ಮುಗಿದು ನಾಟಕ ಶುರುವಾಯಿತು. ನಾಯಕಿ ಅಳುತ್ತಿದ್ದಳು, ನಾವು ನಗುತ್ತಿದ್ದೆವು.

"ಸಾಕು, ತೆಗಿ ರೇಡಿಯೋ" ಅಂದರು ಅತ್ತೆ. "ಯಂತ್ರ ಇಡು."

ಫ್ಯಾನು ಆರಿಸದೆ, ಕೌದಿಯ ಗುಡಾರದೊಳಗೆ ಕೂತೇ ರೇಡಿಯೋ ತೆಗೆದು, ಯಂತ್ರ ಒಳಗಿಟ್ಟು, ಅದಕ್ಕೆ ಸುತ್ತಿದ್ದ ಕೌದಿ ಬಿಚ್ಚಿದವಳು ನಾನು. ಬಾಗಿಲು ಹಾಕಿ ಗುಂಡಿ ಒತ್ತಿದೆವು. ಗುರ್ ಎಂದಿತು. ನರ್ಸಮ್ಮ ಕೊಳವೆಯ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ, ಗುಳ್ಳೆ ಬರುವುದನ್ನು ತೋರಿಸಿ, ಟೀಚರ ಮೂಗಿಗೆ ಬದಲಾಯಿಸಿದರು. ಬೀದಿಯಲ್ಲಿ ದೀಪ ಹಚ್ಚುತ್ತಿದ್ದರು. ಟೀಚರು ಒಂದು ಸಲ ಉಸಿರೆಳೆದರು, ಇನ್ನೊಂದು ಸಲ. ಕಣ್ಣು ತೆರೆದು ಉಬ್ಬಿ ನಿಂತಿದ್ದ ತೋಳನ್ನು ನೋಡಿ, "ಹೊಲಿಗೆ ಸೊಟ್ಟ ಇದೆ ರೇವತಿ" ಅಂದರು. ಅತ್ತೆ ಬಾಗಿಲ ಮೇಲೆ ಅಂಗೈ ಊರಿ ಕೂತವರು ಆ ಮಾತಿಗೆ ಜೋರಾಗಿ ನಕ್ಕುಬಿಟ್ಟರು. ನಾನು ಅತ್ತೆ ಹೇಳಿದ್ದ ನಾಳೆಗೆ ಕಾಯದೆ ಅಲ್ಲೇ ಅತ್ತುಬಿಟ್ಟೆ.

ಆ ಸಲ ನೀಲಿ ಹತ್ತಿರ ಹತ್ತಿರ ಎರಡು ವಾರ ಬಿತ್ತು. ಅಷ್ಟು ದಿನವೂ ಬೀರುವಿನ ಬಾಗಿಲ ಮೇಲೆ ಒಬ್ಬರಲ್ಲ ಒಬ್ಬರ ಕೈ ಇದ್ದೇ ಇತ್ತು. ಟೀಚರಿಂದ ಪೆಟ್ಟು ತಿಂದವರು, ಶಾಬಾಷ್ ಅನ್ನಿಸಿಕೊಂಡವರು, ಒಂದನ್ನೂ ಪಡೆಯದೆ ಹಿಂದಿನ ಬೆಂಚಿನಲ್ಲಿ ಕೂತಿದ್ದವರು ಎಲ್ಲ ಸರದಿ ಹಾಕಿಕೊಂಡು ಬಂದರು. ಹೊಟೇಲಿನ ಮಾರಪ್ಪ ಕೂತಾಗ ಟೀಚರು ಅವನಿಂದ ಹದಿನೇಳರ ಮಗ್ಗಿ ಹೇಳಿಸಿದರು. ಅವನು ನಡುವೆ ಎಡವಿ, ನಾಳೆ ಕಲಿತುಕೊಂಡು ಬರುತ್ತೇನೆ ಎಂದು ಮೊಮ್ಮಕ್ಕಳ ಎದುರಿಗೆ ಹೇಳಿದ.

ನಡುವೆ ಒಮ್ಮೆ ಮಾತ್ರ ಜೀವ ಬಾಯಿಗೆ ಬಂದಿತ್ತು. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಸಾಬ್ರ ಹೆಂಡತಿ ಮುಮ್ತಾಜಕ್ಕ ಓಡಿ ಬಂದು, "ಬಾಗಿಲು ಬೆಚ್ಚಗಾಗ್ತಾ ಇದೆ, ತೋಳು ಜೋತು ಬಿದ್ದಿದೆ" ಅಂದರು. ಒಳಗಿನ ತೋಳಿನ ತುಂಬ ನೀಲಿ ಹಿಡಿದು ಗಾಳಿ ಕಟ್ಟಿಕೊಂಡಿತ್ತು. ನಾನು ಗುಂಡಿಗೆ ಕೈ ಹಾಕಲು ಹಿಂದೆಮುಂದೆ ನೋಡಿದೆ. ಗುಂಡಿ ಒತ್ತಿ ಆರಿಸಿದವರು ಅತ್ತೆ. ಸಿಲಿಂಡರಿನಲ್ಲಿ ತಳ ಹಿಡಿದು ಉಳಿದದ್ದನ್ನು ನರ್ಸಮ್ಮ ಇಂಥದ್ದಕ್ಕೇ ಬಿಟ್ಟು ಹೋಗಿದ್ದರು, ಅದನ್ನು ಟೀಚರಿಗೆ ಕೊಟ್ಟೆವು. ಅತ್ತೆ ಕೌದಿಯೊಳಗೆ ನುಸುಳಿ ಕೂತು, ಬಾಗಿಲನ್ನು ಕೈ ತೂರುವಷ್ಟೇ ತೆಗೆದು, ಮೊದಲು ಯಂತ್ರಕ್ಕೆ ಹೊದಿಸಿದರು. ಆಮೇಲೆ ಹಳೆಯ ತೋಳಿನ ಬಾಯಿ ಹಿಡಿದು, ಒಂದು ಚಿಟಿಕೆ ನೀಲಿಯೂ ಉದುರದ ಹಾಗೆ, ಹಾಸಿಗೆಯಿಂದ ಮಗುವನ್ನು ಎತ್ತಿಕೊಳ್ಳುವಂತೆ, ತೂತಿನಿಂದ ಹೊರಗೆ ಎಳೆದುಕೊಂಡರು. ನಾನು ಹೊಲಿದು ಇಟ್ಟಿದ್ದ ಇನ್ನೊಂದನ್ನು ಇಳಿಬಿಟ್ಟೆ. ಸೊಂಡಿಲು ಮತ್ತೆ ಎದ್ದು ನಿಂತಿತು. ಅತ್ತೆ ಹೊರಗೆ ಬಂದಾಗ ಅವರ ತಲೆ, ಹುಬ್ಬು, ಮೂಗುತಿ ಎಲ್ಲ ನೀಲಿ. ಬೀರುವಿನಲ್ಲಿ ಯಾವುದೂ ಎಚ್ಚರ ಇರಬಾರದು ಎಂದು ಜನ್ಮವಿಡೀ ಹೇಳಿಕೊಂಡು ಬಂದ ಹೆಂಗಸು ಅವರು. ಗುಂಡಿ ಒತ್ತಿ, ಯಂತ್ರ ಗುರ್ ಎಂದಾಗ, "ಹಾಂ, ಎದ್ದಿತು" ಎಂದು ತಮಗೆ ತಾವೇ ಹೇಳಿಕೊಂಡರು.

ನೀಲಿ ನಿಂತ ದಿನ ಟೀಚರು ಕೊಳವೆ ಸಮೇತ ಹೊಸಿಲ ತನಕ ಬಂದು ಬಿಸಿಲಿಗೆ ಕೂತರು. ಅವರ ತಮ್ಮ ಮೊದಲ ಬಸ್ಸಿಗೇ ಬಂದವನು, ಅಕ್ಕ ಇರುತ್ತಾಳೆಂಬ ಆಸೆ ಬಿಟ್ಟೇ ಬಂದಿದ್ದನಂತೆ. ಹೊಸಿಲಲ್ಲಿ ಅಕ್ಕನನ್ನು ಕಂಡು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋಗಿ ಬೀರುವಿನ ಮುಂದೆ ನಿಂತುಕೊಂಡ. ಅದೇ ಬಸ್ಸಿನಲ್ಲಿ ಬಂದ ನನ್ನ ಗಂಡನಿಗೆ ಬೀದಿಯ ಮಂದಿ ದಾರಿಯಲ್ಲೇ ಕಥೆಯೆಲ್ಲ ಹೇಳಿ ಮುಗಿಸಿದ್ದರು. ನನಗೆ ಹೇಳಲು ಏನೂ ಉಳಿಸಿರಲಿಲ್ಲ. ಅವರು ಗಿರಣಿಯ ಸೊಂಡಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇಷ್ಟು ವರ್ಷ ಇದರ ಕೆಳಗೇ ನಿಂತಿದ್ದೆ, ನನಗೆ ಹೊಳೀಲಿಲ್ಲ ನೋಡು" ಅಂದರು. ಹೂವಮ್ಮ ತಮ್ಮ ರೇಡಿಯೋವನ್ನು ಅತ್ತೆಗೆ ಕೊಡಲು ಬಂದರು. ಅತ್ತೆ ತೆಗೆದುಕೊಳ್ಳಲಿಲ್ಲ. ಬದಲಿಗೆ ಬೆಳಗಿನ ಕಾಫಿ ಹಿಡಿದುಕೊಂಡು ಹೂವಮ್ಮನ ಜಗುಲಿಗೇ ಹೋಗಿ ಕೂರತೊಡಗಿದರು.

ಮರುವರ್ಷ ನೀಲಿ ತನ್ನ ಕಾಲಕ್ಕೆ ಸರಿಯಾಗಿ ಬಂತು. ಟೀಚರು ತಮ್ಮನ ಮನೆಗೆ ಹೋಗಲಿಲ್ಲ. "ನನ್ನ ಬೀರು ಇಲ್ಲಿದೆ" ಅಂದುಬಿಟ್ಟರು. ನೀಲಿ ಜೋರಾಗಿದ್ದ ಒಂದು ಬೆಳಗ್ಗೆ ಆರೋಗ್ಯ ಕೇಂದ್ರದಿಂದ ನರ್ಸಮ್ಮ ಹೇಳಿಕಳಿಸಿದರು. ಹೊಳೆಯಾಚೆಯ ಬೀದಿಯಲ್ಲಿ ದಿನ ತುಂಬುವ ಮೊದಲೇ ಒಂದು ಹೆಣ್ಣುಮಗು ಹುಟ್ಟಿತ್ತು, ಅಂಗೈಯಷ್ಟಿತ್ತು, ಅದರ ಉಸಿರಿಗೂ ಯಂತ್ರ ಬೇಕಿತ್ತು. ಮೊದಲಾಗಿದ್ದರೆ ನೀಲಿಯಲ್ಲಿ ಹುಟ್ಟಿದ ಅಂಥ ಕೂಸಿನ ಬಗ್ಗೆ ಊರು ಮಾತೇ ಆಡುತ್ತಿರಲಿಲ್ಲ. ಕಾಸಿಂ ಸಾಬ್ರು ಅಲ್ಲಿಯ ಬೀರುವಿಗೆ ತೂತು ಕೊರೆಯಲು ಆಗಲೇ ಹೋಗಿಯಾಗಿತ್ತು.

ನಾನು ಹೆಚ್ಚಿಗೆ ಹೊಲಿದಿಟ್ಟಿದ್ದ ತೋಳುಗಳನ್ನು ಮಡಿಸಿ ತಲೆಯ ಮೇಲೆ ಹೊತ್ತೆ. ಅತ್ತೆ ಕೌದಿಗಳ ಗಂಟು ಹೊತ್ತರು. ನೀಲಿ ಸುರಿಯುತ್ತಿದ್ದ ಬೀದಿಯಲ್ಲಿ ಇಬ್ಬರೂ ನಡೆದೆವು. ಜನ ಬಾಗಿಲಿಗೆ ಬಂದು ನಿಂತರು. ಹೊಟೇಲಿನ ಮಾರಪ್ಪ ಜಗುಲಿಯಿಂದ ಇಳಿದು, "ಎಲ್ಲಿಗೆ ದೇವೀರಮ್ಮನೋರೇ, ಇಷ್ಟು ಅವಸರ?" ಅಂದ.

ಅತ್ತೆ ನಿಲ್ಲಲಿಲ್ಲ. "ಕೂಸೊಂದು ಕಾಯ್ತಾ ಇದೆ. ದಾರಿ ಬಿಡು" ಅಂದರು.

ಅವನು ಬಿಟ್ಟ. ಮುಂದಿನವರೂ ಬಿಟ್ಟರು. ಹೊಳೆಯ ತನಕ ಇಡೀ ಬೀದಿ ಎರಡು ಪಕ್ಕಕ್ಕೆ ಸರಿದು ನಿಂತಿತು. ನಾನು ತಲೆಯ ಮೇಲಿನ ಗಂಟನ್ನು ಒಂದು ಕೈಯಲ್ಲಿ ಹಿಡಿದು, ಕತ್ತು ನೆಟ್ಟಗೆ ಮಾಡಿಕೊಂಡು, ಅತ್ತೆಯ ಜೊತೆ ಸರಿಸಮ ಹೆಜ್ಜೆ ಹಾಕಿದೆ.